ಬಿಸಿಲಿಗಿಟ್ಟ ಸೆಲ್ಲುಗಳು

ನಾನು ಚಿಕ್ಕವನಿದ್ದಾಗ ಒಂದು ಸಂಜೆ ಬಾಯಿ ಬಿಟ್ಟು ನಿಜ ಹೇಳಬೇಕಿತ್ತು, ಹೇಳಲಿಲ್ಲ. ಅದರಿಂದ ಅಕ್ಕನ ಕೈಗೆ ಬಂದಿದ್ದ ವಿದ್ಯೆ ಜಾರಿಹೋಯಿತು.

ಸಿರುಗುಪ್ಪದ ಹತ್ತಿರ ನಮ್ಮ ಭತ್ತದ ಗದ್ದೆ, ಅದರ ಅಂಚಿಗೇ ಮನೆ. ಕಾಲುವೆಯ ನೀರು ಸರದಿಯ ಮೇಲೆ ಬರುತ್ತಿತ್ತು, ಆದರೆ ಯಾವ ಹೊತ್ತಿಗೆಂದು ಯಾರಿಗೂ ತಿಳಿಯದು. ಬಂದ ಕೂಡಲೇ ಅದನ್ನು ಗದ್ದೆಗೆ ತಿರುಗಿಸದಿದ್ದರೆ ಬದು ಒಡೆಯುತ್ತಿತ್ತು. ಅದಕ್ಕೇ ಅಪ್ಪ ತಲೆಗೆ ಟವೆಲ್ ಹಾಕಿಕೊಂಡು ಬಿಸಿಲಲ್ಲಿ ಕಾಯುತ್ತಾ ಕೂರುತ್ತಿದ್ದ.

ರಜೆ ಬಂದರೆ ಅಕ್ಕ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ಸೋದರಮಾವನ ಮನೆಗೆ ಹೋಗುತ್ತಿದ್ದಳು. ಮಾವ ರೇಡಿಯೊ ರಿಪೇರಿ ಮಾಡುತ್ತಿದ್ದ. ಅವನ ಪಕ್ಕ ಕೂತು ಬೆಸುಗೆ ಹಾಕುವುದನ್ನು ಕಲಿತ ಅಕ್ಕ, ಒಂದು ಸಲ ಡಬ್ಬಿಯ ತುಂಬ ಹಳೇ ಬಿಡಿಭಾಗಗಳನ್ನು ತಂದಳು. ಮನೆಯೆಲ್ಲ ಬೆಸುಗೆಗೆ ಹಚ್ಚುವ ರಾಳ ಸುಟ್ಟ ವಾಸನೆ. ಕಡಲೆಕಾಳಿನಷ್ಟಿದ್ದ, ಮೂರು ಕಾಲಿನ ಟ್ರಾನ್ಸಿಸ್ಟರನ್ನು ನನ್ನ ಅಂಗೈ ಮೇಲಿಟ್ಟಳು.

“ಇದು ಕಾಲುವಿ ತೂಬು ಇದ್ದಂಗಲೇ ತಮ್ಮಾ. ಚೂರು ಕರೆಂಟ್ ಬಂದು ತೂಬು ಎತ್ತತೈತಿ, ಹಿಂದ ನಿಂತಿದ್ದು ಧೋ ಅಂತ ಹರೀತೈತಿ.”

ಕಾಲುವೆಗೆ ಎರಡು ತಂತಿ ಇಳಿಬಿಟ್ಟಳು. ನೀರು ಎರಡನ್ನೂ ಮುಟ್ಟಿದರೆ ಮನೆಯ ಜಗಲಿಯಲ್ಲಿ ಗಂಟೆ ಹೊಡೆಯಬೇಕು.

“ಗಂಟಿ ಹೊಡೀತಂದ್ರ ಮಾವನ ಹತ್ರ ನನ್ನ ಕಲಿಯಾಕ ಕಳಿಸ್ತೀಯೇನಪ್ಪಾ?”

“ಹೊಡೀಲಿ ತಗಾ ಮೊದ್ಲು. ಕಳಿಸ್ತೀನಿ,” ಎಂದು ಅಪ್ಪ ನಕ್ಕ.

ಆ ದಿನ ನಮ್ಮ ರೇಡಿಯೊ ಮೂಕಾಗಿತ್ತು. ಸೆಲ್ಲುಗಳು ಸತ್ತಿದ್ದವು. ಸತ್ತ ಸೆಲ್ಲನ್ನು ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತು ಜೀವ ಬರುತ್ತದೆಂದು ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನೂ ಚಪ್ಪರದ ಮೇಲಿಟ್ಟೆ. ಮಧ್ಯಾಹ್ನ ಯಾರೂ ಇಲ್ಲದಾಗ ಗಂಟೆಯ ಹೊಸ ಸೆಲ್ಲುಗಳನ್ನು ತೆಗೆದು ರೇಡಿಯೊಗೆ ಹಾಕಿ, ಗಂಟೆಗೆ ಆ ಬಿಸಿ ಸೆಲ್ಲುಗಳನ್ನು ಹಾಕಿದೆ. ತಂತಿಗಳನ್ನು ಚೊಂಬಿನ ನೀರಿಗೆ ಅದ್ದಿದರೆ ಗಂಟೆ ಹೊಡೆಯಿತು! ಇಷ್ಟು ಸಾಕೆಂದುಕೊಂಡು ತಂತಿಗಳನ್ನು ಕಾಲುವೆಗೆ ಬಿಟ್ಟು, ಹುಲ್ಲಿನ ಬಣವೆಯ ಹಿಂದೆ ಮಲಗಿ ರೇಡಿಯೊದಲ್ಲಿ ಹಾಡು ಕೇಳಿದೆ.

ಸೂರ್ಯ ಇಳಿದ, ಸೆಲ್ಲು ತಣ್ಣಗಾಯಿತು. ನೀರು ಬಂತು. ಗಂಟೆ ಹೊಡೆಯಲಿಲ್ಲ.

ಗಂಟೆಯನ್ನು ನಂಬಿ ಅಪ್ಪ ದನಗಳಿಗೆ ಹುಲ್ಲು ಹಾಕುತ್ತಿದ್ದ. ಓಡಿ ಹೋಗಿ ನೋಡಿದರೆ ಬದು ಒಡೆದು, ನಿನ್ನೆ ನಾಟಿ ಮಾಡಿದ್ದ ಸಸಿಗಳು ಕೆಂಪು ನೀರಲ್ಲಿ ತೇಲುತ್ತಿದ್ದವು. ಅಕ್ಕ ತಂತಿಗಳನ್ನು ನೀರಿನಿಂದ ಎಳೆದುಹಾಕಿ, ಅಪ್ಪನ ಜೊತೆ ಮೊಣಕಾಲುದ್ದ ಕೆಸರಲ್ಲಿ ನಿಂತು ಬದು ಕಟ್ಟುವಾಗ ನಾನು ಮನೆಗೆ ಓಡಿ ಹೊಸ ಸೆಲ್ಲುಗಳನ್ನು ಮತ್ತೆ ಗಂಟೆಗೆ ಹಾಕಿಬಿಟ್ಟೆ. ಸಸಿ ಕೊಚ್ಚಿಹೋಗಿದ್ದಕ್ಕಿಂತ ಇದೇ ದೊಡ್ಡ ತಪ್ಪು. ಅಕ್ಕ ಬಂದು ತಂತಿಗಳನ್ನು ಚೊಂಬಿನ ನೀರಿಗೆ ಅದ್ದಿ ಪರೀಕ್ಷಿಸಿದಾಗ ಗಂಟೆ ಕಣಕಣ ಹೊಡೆಯಿತು. ಕೆಸರು ಮೆತ್ತಿದ ಕೈಯಲ್ಲಿ ಅವಳು ಒಂದೊಂದೇ ಬೆಸುಗೆಯನ್ನು ಮುಟ್ಟಿ ನೋಡಿದಳು.

“ಹೊತ್ತಿಗೆ ಹೊಡೀಲಾರದ ಗಂಟಿ ಯಾಕ ಬೇಕವ್ವಾ? ಸಾಕಿನ್ನ,” ಎಂದ ಅಪ್ಪ.

ಅಕ್ಕ ಆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. ಮಾವನ ಹತ್ತಿರ ಕಲಿಯಲು ಹೋಗಲೇ ಇಲ್ಲ.

ಮಕ್ಕಳೇ, ಐದನೆಯ ತರಗತಿಗೇ ಶಾಲೆ ಬಿಟ್ಟ ನನಗೆ ನಿಮ್ಮ ವಿದ್ಯೆ ಅಷ್ಟಾಗಿ ತಿಳಿಯದು. ನೀವು ಫೋನಿನಲ್ಲಿ ನೋಡಿಕೊಂಡು, ಬೆಸುಗೆಯೂ ಇಲ್ಲದೆ ಸಣ್ಣ ತೂತುಗಳಿರುವ ಹಲಗೆಗೆ ತಂತಿ ಚುಚ್ಚುತ್ತೀರಿ. ತಪ್ಪಿದರೆ ಕಿತ್ತು ಮತ್ತೆ ಚುಚ್ಚುತ್ತೀರಿ. ಅಕ್ಕನಿಗೆ ಸಿಕ್ಕಿದ್ದು ಒಂದೇ ಸಂಜೆ.

ಮೊನ್ನೆ ಕುರುಗೋಡಿನ ನಮ್ಮ ಮನೆಯಲ್ಲಿ ಮೊಮ್ಮಗಳು ಅಂಥದ್ದೇ ಗಂಟೆ ಮಾಡಿದಳು. ಲೋಟದ ನೀರಿಗೆ ತಂತಿ ತಾಗಿದ್ದೇ ತಡ, ಅದು ಕೂಗಿತು. ನಮ್ಮನ್ನು ನೋಡಲು ಬಂದಿದ್ದ ಅಕ್ಕ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

“ನಂದೂ ಹಿಂಗ ಇತ್ತವ್ವಾ. ಎಲ್ಲಿ ತಪ್ಪಿದ್ನೋ, ಇವತ್ತಿಗೂ ತಿಳೀಲಿಲ್ಲ ನೋಡು.”

ನಾನು ಅಕ್ಕನ ಪಕ್ಕ ಕೂತೆ. ಮೊಮ್ಮಗಳ ಎದುರಿಗೇ ಹೇಳಿದೆ:

“ನೀ ಎಲ್ಲೂ ತಪ್ಪಿಲ್ಲಕ್ಕಾ. ಹಾಡು ಕೇಳಾಕ ಹೊಸ ಸೆಲ್ ನಾ ತಗದಿದ್ದೆ. ನೀ ಬರೂದ್ರಾಗ ತಿರುಗಿ ಹಾಕಿದೆ. ಹೇಳಾಕ ಹೆದರಿದೆ. ನಂದು ತಪ್ಪಾತಕ್ಕಾ, ನನ್ನ ಕ್ಷಮಿಸು.”