ಕಂಡದ್ದು ಎಡಕ್ಕೆ, ತಿಳಿದದ್ದು ಬಲಕ್ಕೆ

ಶಹಾಪುರ, ಸುರಪುರ, ಯಾದಗಿರಿಯ ಸುತ್ತಮುತ್ತ ಪರಮಾಣು ಎಂಬ ಮಾತನ್ನು ಜೀವನದಲ್ಲಿ ಮೊದಲ ಸಲ ಕೇಳಿದ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ಶ್ರೀ ವಿಶ್ವರಾಧ್ಯ ಅವರ ಬಾಯಿಂದ ಕೇಳಿದರೆಂದು ಯಾರೂ ಎಣಿಸಿಟ್ಟಿಲ್ಲ. ಅವರು ಸಂಶೋಧನೆ ಮಾಡಿ ಹೆಸರಾದವರಲ್ಲ, ಪ್ರಶಸ್ತಿಗೆ ಅರ್ಜಿ ಹಾಕಿದವರಲ್ಲ. ದ್ರವ್ಯವೆಂದರೇನು, ಅಳತೆಯೆಂದರೇನು, ಅಳೆದವನು ಸುಳ್ಳು ಹೇಳಬಾರದೇಕೆ ಎಂಬ ಮೊದಲ ಪಾಠಗಳನ್ನೇ ಮೂವತ್ತೆರಡು ವರ್ಷ ಹೇಳಿದವರು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಅವರ ಕುರಿತು ಬರೆಯಬೇಕೆಂದು ಸಮಿತಿಯವರು ಕೇಳಿದ್ದು ಹಳೆಯ ಶಿಷ್ಯ ದೇವಿಂದ್ರನನ್ನು, ಈಗ ಯಾದಗಿರಿಯಲ್ಲಿ ಅದೇ ರಸಾಯನಶಾಸ್ತ್ರ ಹೇಳುತ್ತ ಹೊಟ್ಟೆ ಹೊರೆಯುತ್ತಿರುವವನನ್ನು. ದೇವಿಂದ್ರ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡ. ಒಪ್ಪಿದ ಮೇಲೆ ಗುರುಗಳು ಒಂದೇ ಷರತ್ತು ಹಾಕಿದರು. “ಲಾಲಮ್ಮಂದು ಬಿಟ್ಟು ಬರದ್ರ, ಆ ಪುಸ್ತಕ ನನ್ನ ಮನಿಗೆ ತರಬ್ಯಾಡಪಾ” ಎಂದರು.

ವನದುರ್ಗದಲ್ಲಿ ಹುಟ್ಟಿ, ಅಲ್ಲಿನ ಕೋಟೆಗೋಡೆಯ ನೆರಳಲ್ಲಿ ಓದಿದ ವಿಶ್ವರಾಧ್ಯರು ಮೊದಲ ಹತ್ತು ವರ್ಷ ಸುರಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರರಾಗಿದ್ದರು. ಪರಮಾಣುವಿನ ಪಾಠಕ್ಕೆ ಅವರು ತರುತ್ತಿದ್ದುದು ಒಂದು ಜೋಳದ ಕಾಳು, ಒಂದು ಬ್ಲೇಡು. ಕಾಳನ್ನು ಅರ್ಧ ಮಾಡಿ, ಅರ್ಧವನ್ನು ಮತ್ತೆ ಅರ್ಧ ಮಾಡಿ, ಬ್ಲೇಡಿಗೂ ಕಣ್ಣಿಗೂ ನಿಲುಕದಷ್ಟು ಸಣ್ಣದಾದಾಗ, ಇನ್ನು ಮುಂದಿನದನ್ನು ಬುದ್ಧಿಯಿಂದ ಕತ್ತರಿಸಬೇಕು ಎನ್ನುತ್ತಿದ್ದರು. ಮುಂದೆ ಶಹಾಪುರದ ಪದವಿಪೂರ್ವ ಕಾಲೇಜಿಗೆ ಬಂದಾಗ ಅಲ್ಲಿ ನೆಟ್ಟಗಿನ ತಕ್ಕಡಿ ಇರಲಿಲ್ಲ. ಕಲಬುರಗಿಯಿಂದ ಹೊಸ ತಕ್ಕಡಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಕಂಡಕ್ಟರ್ ಚೇಷ್ಟೆಗೆ ಅದಕ್ಕೊಂದು ಅರ್ಧ ಟಿಕೇಟು ಹರಿದುಕೊಟ್ಟರೆ, ಅದನ್ನೂ ಜೋಪಾನವಾಗಿ ತಕ್ಕಡಿಯ ಪೆಟ್ಟಿಗೆಗೆ ಅಂಟಿಸಿದರು. ದಶಾಂಶದ ಬಿಂದು ಎಲ್ಲಿಡಬೇಕೆಂದು ತಿಳಿಯದೆ ಅಳುತ್ತಿದ್ದ ದೇವಿಂದ್ರನನ್ನು ಒಂದು ತಿಂಗಳು ಪ್ರತಿದಿನ ಸಂಜೆ ಆ ತಕ್ಕಡಿಯ ಮುಂದೆ ಕೂರಿಸಿಕೊಂಡು, ಗ್ರಾಮು ಮಿಲಿಗ್ರಾಮುಗಳನ್ನು ಚಿಮಟದಿಂದ ಒಂದೊಂದಾಗಿ ಇಡಿಸಿ ಕಲಿಸಿದರು. ಅವನು ಇಂದು ಉಣ್ಣುತ್ತಿರುವ ಅನ್ನ ಆ ತಿಂಗಳಿನದು.

ಅವರ ಪ್ರಯೋಗಾಲಯಕ್ಕೆ ಒಂದು ಕಟ್ಟಳೆಯಿತ್ತು. ಪ್ರತಿ ಹಾಳೆಯ ನಡುವೆ ಗೆರೆ ಎಳೆಯಬೇಕು. ಕಂಡದ್ದನ್ನು ಎಡಕ್ಕೆ, ಅದರಿಂದ ತಿಳಿದದ್ದನ್ನು ಬಲಕ್ಕೆ ಬರೆಯಬೇಕು. ಬಲಗಡೆ ತಪ್ಪಿದರೆ ಅವರು ಕ್ಷಮಿಸುತ್ತಿದ್ದರು. ಎಡಗಡೆ ಸುಳ್ಳು ಬರೆದವನನ್ನು ಒಂದು ವಾರ ಮಾತಾಡಿಸುತ್ತಿರಲಿಲ್ಲ. ಆದರೆ ಅದೇ ಪ್ರಯೋಗಾಲಯಕ್ಕೆ ಅವರಿಗೆ ಗೊತ್ತಿಲ್ಲದ ಇನ್ನೊಂದು ಕಟ್ಟಳೆಯೂ ಇತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಅಟೆಂಡರ್ ಮಸ್ತಾನಸಾಬ, ಬಡವರ ಮಕ್ಕಳು ಪಾಸಾಗಲಿ ಎಂಬ ಒಂದೇ ಕನಿಕರದಿಂದ, ಇಂದು ಕೊಡುವ ಲವಣ ಯಾವುದೆಂದು ಮೆಲ್ಲಗೆ ಹೇಳಿಬಿಡುತ್ತಿದ್ದ.

ಹದಿನೇಳು ವರ್ಷದ ಹಿಂದಿನ ಫೆಬ್ರುವರಿಯಲ್ಲಿ ಅವನು ಹೇಳಿದ್ದು “ಜಿಂಕ್ ಸಲ್ಫೇಟ್” ಎಂದು. ಇಪ್ಪತ್ತು ಮಂದಿಯ ತಂಡದಲ್ಲಿ ಹತ್ತೊಂಬತ್ತು ಮಂದಿ ಕೇಳಿಸಿಕೊಂಡರು. ದೋರನಹಳ್ಳಿಯಿಂದ ಬರಬೇಕಾದ ಲಾಲಮ್ಮ, ಕೂಲಿಗೆ ಹೋಗುವ ಯಂಕಣ್ಣನ ಮಗಳು, ಬಸ್ಸು ತಡವಾಗಿ ನೇರ ಪರೀಕ್ಷೆಗೇ ಬಂದು ನಿಂತಳು. ಅವಳೊಬ್ಬಳೇ ಗುರುಗಳು ಕಲಿಸಿದಂತೆ ಪರೀಕ್ಷೆ ಮಾಡಿದಳು. ಲವಣವನ್ನು ನೀರಿನಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟಾಗ, ಅಡುಗೆಯ ಉಪ್ಪಿದ್ದರೆ ಆಗುವಂತೆ ಬೆಳ್ಳಗೆ ಗಡ್ಡೆ ಕಟ್ಟಿತು. ಎಡಕ್ಕೆ ‘ಬಿಳಿ ಗಡ್ಡೆ ಕಂಡಿತು’ ಎಂದು ಬರೆದು, ಬಲಕ್ಕೆ ‘ಕ್ಲೋರೈಡು’ ಎಂದು ಬರೆದಳು. ಕೊಟ್ಟದ್ದು ಸಲ್ಫೇಟಾಗಿತ್ತು, ಗುರುಗಳು ಕೆಂಪು ಗೆರೆ ಎಳೆದರು.

“ಕಂಡದ್ದ ಬರದೇನ್ರಿ ಸರ.”

“ಹತ್ತೊಂಬತ್ತು ಮಂದಿಗೆ ಕಾಣದ್ದು ನಿನಗೊಬ್ಬಾಕಿಗೆ ಹ್ಯಾಂಗ ಕಂಡೀತು?”

ಲಾಲಮ್ಮ “ಹೌದ್ರಿ” ಎಂದು ಹೋದಳು. ಫಲಿತಾಂಶ ಬಂದಾಗ ಎರಡೇ ಎರಡು ಅಂಕಕ್ಕೆ ರಸಾಯನಶಾಸ್ತ್ರದಲ್ಲಿ ನಪಾಸಾಗಿದ್ದಳು. ಕಲಿತದ್ದು ಸಾಕೆಂದು ಯಂಕಣ್ಣ ಅದೇ ಬೇಸಿಗೆಯಲ್ಲಿ ಅವಳನ್ನು ಹುಣಸಗಿಯ ಕಡೆ ಮದುವೆ ಮಾಡಿಕೊಟ್ಟ.

ಜೂನಿನಲ್ಲಿ ಹೊಸ ಮಕ್ಕಳಿಗೆ ತೋರಿಸಲೆಂದು ಗುರುಗಳು ಭಟ್ಟಿ ಇಳಿಸಿದ ನೀರಿನ ಕ್ಯಾನಿನಿಂದ ಬರೀ ನೀರನ್ನೇ ತೆಗೆದು ಅದೇ ಹನಿ ಬಿಟ್ಟರು. ಲವಣವಿಲ್ಲ, ಏನಿಲ್ಲ, ನೀರೇ ಬೆಳ್ಳಗಾಯಿತು. ಮಸ್ತಾನಸಾಬನನ್ನು ಕರೆದು ಕೇಳಿದರು. ಸಂಕ್ರಾಂತಿಯ ಹೊತ್ತಿಗೇ ನೀರು ಭಟ್ಟಿ ಇಳಿಸುವ ಯಂತ್ರದ ಕಾಯಿಲ್ ಸುಟ್ಟಿತ್ತು. ಹೇಳಿದರೆ ತನ್ನ ಮೇಲೆ ಬಂದೀತೆಂದು ಹೆದರಿ, ಹಿತ್ತಲ ಬೋರಿನ ಉಪ್ಪುನೀರನ್ನೇ ಕ್ಯಾನಿಗೆ ತುಂಬುತ್ತ ಬಂದಿದ್ದ. “ನೀರು ನೀರ ಅಲ್ಲೇನ್ರಿ ಸರ” ಎಂದು ಅವನು ಕೇಳಿದಾಗ ಗುರುಗಳು ಸ್ಟೂಲಿನ ಮೇಲೆ ಕುಳಿತುಬಿಟ್ಟರಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ನೀರಿನಲ್ಲಿ ಇಪ್ಪತ್ತೂ ಮಂದಿಗೆ ಬಿಳಿ ಗಡ್ಡೆ ಕಂಡಿರಲೇಬೇಕಿತ್ತು. ಕಂಡದ್ದನ್ನು ಬರೆದವಳು ಒಬ್ಬಳೇ. ಉಳಿದವರಿಗೆ ಉತ್ತರ ಹೇಗೆ ಬಂತೆಂದು ಕೇಳಿದಾಗ ಮಸ್ತಾನಸಾಬ ಸೈಕಲ್ ಸ್ಟ್ಯಾಂಡಿನ ಸಂಗತಿಯನ್ನೂ ಒಪ್ಪಿಕೊಂಡ.

ಅವರು ಮೇಲಿನ ಕಚೇರಿಗೆ ಪತ್ರ ಬರೆದರು. ಅದೇ ನೀರಿನಲ್ಲಿ ಹತ್ತೊಂಬತ್ತು ವಿದ್ಯಾರ್ಥಿಗಳಿಗೆ ಸರಿಯುತ್ತರ ಬಂದಿರುವುದರಿಂದ ನೀರಿನಲ್ಲಿ ದೋಷವಿತ್ತೆನ್ನಲಾಗದು ಎಂದು ಉತ್ತರ ಬಂತು. ಇನ್ನೊಂದು ಪತ್ರ ಬರೆಯುವುದಾದರೆ, ಆ ಹತ್ತೊಂಬತ್ತು ಮಂದಿ ನೋಡದೆ ಬರೆದವರು, ತಮ್ಮ ಅಟೆಂಡರೇ ಉತ್ತರ ಹೇಳಿಕೊಟ್ಟವನು ಎಂದು ತಮ್ಮ ಕೈಯಾರೆ ಬರೆಯಬೇಕಾಗಿತ್ತು. ಹತ್ತೊಂಬತ್ತು ಮಕ್ಕಳ ವರ್ಷ ಹಾಳು, ಮಸ್ತಾನಸಾಬನ ನೌಕರಿ ಹಾಳು, ತಮ್ಮ ಹೆಸರೂ ಹಾಳು. ಹಾಳೆಯ ಮುಂದೆ ಎಷ್ಟೋ ದಿನ ಕುಳಿತರು. ಬರೆಯಲಿಲ್ಲ. ಎಡಗಡೆಯ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿದ್ದವರು ತಮ್ಮ ಎಡಗಡೆಯನ್ನು ಖಾಲಿ ಬಿಟ್ಟರು.

ಅನಂತರದ ವರ್ಷಗಳಲ್ಲಿ ಅವರ ಕೈಯಲ್ಲಿ ಕಲಿತ ಎಷ್ಟೋ ಮಂದಿ ಮೇಲೆ ಬಂದರು. ಆದರೆ ವಿಶ್ವರಾಧ್ಯರು ಮತ್ತೆ ಜೋಳದ ಕಾಳು ಹಿಡಿಯಲಿಲ್ಲ, ಪುಸ್ತಕದಲ್ಲಿದ್ದುದನ್ನು ಓದಿ ಹೇಳಿ ಬರುತ್ತಿದ್ದರು. ಗುರುಗಳಿಗೆ ವಯಸ್ಸಾಯಿತು ಎಂದು ಎಲ್ಲರೂ ಅಂದುಕೊಂಡರು. ವಯಸ್ಸಲ್ಲ, ಬೇರೆಯೇ ಏನೋ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ನಿವೃತ್ತಿಗೆ ಐದು ತಿಂಗಳಿರುವಾಗ, ಹೋದ ಜನವರಿಯಲ್ಲಿ, ದೇವಿಂದ್ರನನ್ನು ಜೊತೆಗೆ ಕರೆದುಕೊಂಡು ಹುಣಸಗಿಯ ಬಸ್ಸು ಹತ್ತಿದರು. ಲಾಲಮ್ಮ ಕಾಲುವೆಯ ಕೆಳಗಿನ ಗದ್ದೆಯಲ್ಲಿ ಹೆಂಗಸರ ಸಾಲಿನಲ್ಲಿ ಬಾಗಿ ನಾಟಿ ಮಾಡುತ್ತಿದ್ದಳು. ಗುರುತು ಹಿಡಿದು, ಕೆಸರಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬದುವಿಗೆ ಬಂದಳು. ಗುರುಗಳು ನೀರಿನ ಸಂಗತಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. “ನೀ ಬರದದ್ದು ಖರೇ ಇತ್ತವ್ವ. ನಾ ತಪ್ಪು ಮಾಡೀನಿ” ಎಂದು ಕೈ ಮುಗಿದರು.

ಅವಳು ಗಾಬರಿಯಾಗಿ ಅವರ ಕೈ ಬಿಡಿಸಿದಳು. ಹೇಳಿದಳು: “ನಾ ಅವತ್ತ ತಿಳಕೊಂಡೇನ್ರಿ ಸರ, ನನ್ನ ಕಣ್ಣು ನಂಬಬಾರದು ಅಂತ. ಅವತ್ತಿನಿಂದ ಯಾರು ‘ಹಂಗಲ್ಲ’ ಅಂದ್ರೂ ‘ಹೌದ್ರಿ’ ಅಂತ ಬಂದೇನಿ. ಮನ್ಯಾಗೂ ಅಷ್ಟ, ಹೊರಗೂ ಅಷ್ಟ.” ಆಮೇಲೆ ಕೇಳಿದಳು: “ಉಳದವರ ಟ್ಯೂಬಿನ್ಯಾಗ ಏನಾಗಿತ್ರಿ?”

ಗುರುಗಳು ತಿರುಗಿ ದೇವಿಂದ್ರನ ಮುಖ ನೋಡಿದರು. ತನ್ನನ್ನು ಯಾಕೆ ಕರೆತಂದರೆಂದು ದೇವಿಂದ್ರನಿಗೆ ಆಗ ಗೊತ್ತಾಯಿತು.

“ನಂದೂ ಬೆಳ್ಳಗಾಗಿತ್ತು, ಲಾಲಮ್ಮ. ಚೆಲ್ಲಿ ಸಲ್ಫೇಟ್ ಅಂತ ಬರದೆ.”

ಅವಳು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. “ಹಂಗಾದ್ರ ನನ್ನ ಕಣ್ಣು ನೆಟ್ಟಗ ಇದ್ದುವು” ಎಂದು ತನ್ನಷ್ಟಕ್ಕೆ ಅಂದಳು. ಸಾಲಿನಲ್ಲಿ ಅವಳ ಜಾಗ ಹಿಂದೆ ಬಿದ್ದಿತ್ತು. ಸಸಿಯ ಕಟ್ಟು ಎತ್ತಿಕೊಂಡು ಇಳಿದು ಬಾಗಿದಳು. ಈ ಸಮಾರಂಭಕ್ಕೆ ಕರೆಯಲು ಹೋದಾಗ, ನಾಟಿ ಬಿಟ್ಟು ಬರಲಾಗದೆಂದು ಹೇಳಿ ಕಳಿಸಿದಳು.

ಇಂಥ ಗ್ರಂಥಗಳಲ್ಲಿ ಕೊನೆಗೆ ಗುರುಗಳ ಆಯುಸ್ಸನ್ನು ಹಾರೈಸುವುದು, ಅವರ ಕಾರ್ಯ ಮುಂದುವರಿಯಲಿ ಎನ್ನುವುದು ಪದ್ಧತಿ. ಅವರ ಕಾರ್ಯ ಮುಂದುವರಿದಿದೆ. ಉಳಿದ ಹದಿನೆಂಟು ಮಂದಿಯ ವಿಳಾಸಗಳನ್ನು ಹಾಳೆಯ ಬಲಕ್ಕೆ ಬರೆದುಕೊಂಡು, ಎಡಗಡೆ ಖಾಲಿ ಬಿಟ್ಟು, ಒಬ್ಬೊಬ್ಬರ ಮನೆಗೂ ಬಸ್ಸಿನಲ್ಲಿ ಹೋಗಿ, ಅವತ್ತು ನಿನಗೆ ಕಂಡದ್ದೇನು ಎಂದು ಕೇಳುತ್ತಿದ್ದಾರೆ. ಇದುವರೆಗೆ ಐವರನ್ನು ಕಂಡು ಬಂದರು. ಐವರೂ ಚಹಾ ಕೊಟ್ಟು, ಕಾಲಿಗೆ ನಮಸ್ಕರಿಸಿ, ನೆನಪಿಲ್ಲ ಎಂದರು. ನೆನಪಾಗುವ ತನಕ ವಿಶ್ವರಾಧ್ಯ ಗುರುಗಳು ಬಾಳಲಿ. ಎಡಗಡೆಯಲ್ಲಿ ಸದ್ಯಕ್ಕೆ ಇರುವುದು ಒಂದೇ ಸಾಲು, ಅದು ದೇವಿಂದ್ರನ ಕೈಬರಹದಲ್ಲಿದೆ: ಬಿಳಿ ಗಡ್ಡೆ ಕಂಡಿತು.