ರುಕ್ಮಿಣಮ್ಮ ಬೆಳಗಿದ ತೋಟಾಗಳು

ರುಕ್ಮಿಣಮ್ಮನ ಕೈಗೆ ಸಿಕ್ಕ ಹಿತ್ತಾಳೆ ಕಪ್ಪಾಗಿ ಉಳಿದದ್ದೇ ಇಲ್ಲ. ಮೈಸೂರಿನಲ್ಲಿ ನಲವತ್ತು ವರ್ಷ ದೀಪ, ಕೊಡ, ಹಂಡೆ ಬೆಳಗಿದವರಿಗೆ ಪರ್ತ್ ಹೊರವಲಯದ ಎಲೆನ್‌ಬ್ರೂಕ್‌ನ ಮಗಳ ಮನೆಯಲ್ಲಿ ಬೆಳಗಲು ಏನೂ ಇಲ್ಲದೆ ಕೈ ಕಡಿಯುತ್ತಿತ್ತು. ಇನ್ನೊಂದು ಹಳೆಯ ಅಭ್ಯಾಸವನ್ನೂ ಪರ್ತ್‌ವರೆಗೆ ಹೊತ್ತು ತಂದಿದ್ದರು: ಅಳಿಯನ ಎದುರು ನಿಂತು ಮಾತಾಡುವವರಲ್ಲ. ಹೇಳುವುದಿದ್ದರೆ ಮಗಳು ವೇದಾಳ ಮೂಲಕವೇ.

ಅಳಿಯ ಉಮಾಪತಿ ಗಣಿಯಲ್ಲಿ ಭೂವಿಜ್ಞಾನಿ. ರಜೆಯಲ್ಲಿ ಶೂಟಿಂಗ್ ಕ್ಲಬ್ಬಿನ ಹುಚ್ಚು. ಹಾರಿಸಿ ಖಾಲಿಯಾದ ತೋಟಾಗಳ ಹಿತ್ತಾಳೆ ಕೊಳವೆಗಳನ್ನು ಮನೆಗೆ ತಂದು, ಶುಚಿ ಮಾಡಿ, ಮತ್ತೆ ಮದ್ದು ತುಂಬುತ್ತಿದ್ದ. ಅವನು ಗಣಿಗೆ ಹೋಗಿದ್ದಾಗ ಗ್ಯಾರೇಜಿನ ಬಕೆಟ್‌ನಲ್ಲಿ ಮಸಿ ಹಿಡಿದ ಐವತ್ತೊಂದು ಕೊಳವೆಗಳು ರುಕ್ಮಿಣಮ್ಮನ ಕಣ್ಣಿಗೆ ಬಿದ್ದವು. ಬಿಟ್ಟಾರೆಯೇ? ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರು. ಒಳಗಿನ ಕಲೆ ಜಗ್ಗಲಿಲ್ಲವೆಂದು, ಕಿಟಕಿಯ ಗಾಜು ಒರೆಸುವ ಘಾಟು ನೀರಿನಲ್ಲಿ ಎರಡು ದಿನ ನೆನೆಹಾಕಿದರು. ಒಂದನ್ನು ಊದುಬತ್ತಿ ಸಿಕ್ಕಿಸಲೆಂದು ದೇವರ ಮುಂದಿಟ್ಟುಕೊಂಡರು.

ಮರಳಿ ಬಂದ ಉಮಾಪತಿ, ಫಳಫಳಿಸುವ ಕೊಳವೆಗಳನ್ನು ವೇದಾ ತನ್ನ ಕೊಳವೆ ಉಜ್ಜುವ ಮೆಷಿನ್ನಿಗೆ ಹಾಕಿರಬೇಕೆಂದುಕೊಂಡು ಮದ್ದು ತುಂಬಿದ. ಅತ್ತೆ ಒಳಗೊಳಗೇ ಹಿಗ್ಗಿದರು, ಬಾಯಿ ಮಾತ್ರ ಬಿಡಲಿಲ್ಲ. ಸುಡುಗಾಡು ಸಂಕೋಚ!

ಶನಿವಾರ ಬೆಳಿಗ್ಗೆ ಊದುಬತ್ತಿ ಸಿಕ್ಕಿಸುವಾಗ ಕೊಳವೆಯ ಬಾಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಅದುಮಿದರೆ ಸೀಳಿಯೇ ಹೋಯಿತು. ಮಗಳಿಗೆ ತೋರಿಸಿದರು.

“ಅಮ್ಮಾ, ಇದಕ್ಕೇನ್ ಹಾಕ್ದೆ?”

“ಗಾಜು ಒರೆಸೋದು.”

“ಅಯ್ಯೋ, ಅದ್ರಲ್ಲಿ ಅಮೋನಿಯಾ ಇದೆ! ಹಿತ್ತಾಳೆನ ಒಳಗೇ ಸೀಳತ್ತೆ ಅಂತ ಇವ್ರು ಯಾವಾಗ್ಲೂ ಹೇಳ್ತಿರ್ತಾರೆ. ಬಂದೂಕಲ್ಲಿ ಒಡೆದ್ರೆ ಕಣ್ಣೇ ಹೋಗತ್ತಮ್ಮಾ!”

ಹೊರಗೆ ಕಾರು ಸ್ಟಾರ್ಟ್ ಆದ ಸದ್ದು. ವೇದಾ ಫೋನು ಹುಡುಕುವಷ್ಟರಲ್ಲಿ ರುಕ್ಮಿಣಮ್ಮ ಬರಿಗಾಲಲ್ಲಿ ಓಡಿ, ಹಿಂದಕ್ಕೆ ಬರುತ್ತಿದ್ದ ಕಾರಿಗೆ ಅಡ್ಡ ನಿಂತರು.

“ಹೋಗ್ಬೇಡಿ! ತೊಳೆದಿದ್ದು ನಾನು. ಗಾಜಿನ ನೀರಲ್ಲಿ ನೆನೆಸ್ಬಿಟ್ಟೆ. ಒಂದು ಸೀಳ್ಹೋಗಿದೆ.”

ಮದುವೆಯಾದ ಹನ್ನೆರಡು ವರ್ಷಕ್ಕೆ ಅಳಿಯನೊಡನೆ ಆಡಿದ ಮೊದಲ ಮಾತು. ಉಮಾಪತಿ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಇಳಿದು ತೋಟಾದ ಡಬ್ಬಿ ತೆರೆದ.

“ಒಟ್ಟು ಎಷ್ಟಿತ್ತಮ್ಮ?”

“ದೇವರ ಮುಂದಿನದು ಬಿಟ್ಟು ಐವತ್ತು.”

“ಇಲ್ಲಿ ನಲವತ್ತೇ ಇದೆ.” ಅವನು ಜೇಬಿನಿಂದ ಫೋನು ತೆಗೆದ. “ಹತ್ತನ್ನ ನಿನ್ನೆ ಕ್ಲಬ್ಬಿನ ಸಂಕೇತ್‌ಗೆ ಕೊಟ್ಬಿಟ್ಟೆ. ಅವ್ನು ಎಂಟಕ್ಕೇ ಹಾರಿಸೋಕೆ ಶುರು ಮಾಡ್ತಾನೆ.”

ಆಗ ಎಂಟೂಕಾಲು. ಉಮಾಪತಿ ಎರಡು ಸಲ ಫೋನು ಮಾಡಿದ; ರಿಂಗಾಗಿ ರಿಂಗಾಗಿ ನಿಂತಿತು. ಮೂರನೆಯ ಸಲ ಯಾರೋ ಎತ್ತಿದರು. ಅದು ಸಂಕೇತನ ದನಿಯಾಗಿರಲಿಲ್ಲ.