ಭಾವನ ಹೆಬ್ಬೆರಳೂ ಚೀನೀ ಮುದ್ರೆಯೂ

ಉಕ್ಕಿನ ಮೇಲೆ ಕಲ್ಲು ಜಾರಿದ ಆ ಸದ್ದು ಈಗಲೂ ಊಟದ ನಡುವೆ ನನಗೆ ಕೇಳಿಸುತ್ತದೆ. ಕೈಯ ತುತ್ತು ಅಲ್ಲೇ ನಿಲ್ಲುತ್ತದೆ. ಗಾಯ ಮಾಡಿಕೊಂಡ ಭಾವ ಮಾತ್ರ ಎರಡನೆಯ ಸಲ ಮೀನು ಹಾಕಿಸಿಕೊಳ್ಳುತ್ತಾರೆ.

ಭಾವ ಅಂದರೆ ಅಕ್ಕನ ಗಂಡ. ಕುವೈತಿನಲ್ಲಿ ನಾನಿರುವುದು ಅವರ ಮನೆಯಲ್ಲೇ. ಶರ್ಕ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಚೀನಾದ ಎಂಜಿನಿಯರ್ ಒಬ್ಬರಿದ್ದಾರೆ. ಬಿಡುವಿನಲ್ಲಿ ಕಲ್ಲಿನ ಮುದ್ರೆ ಕೆತ್ತುತ್ತಾರೆ. ಇದನ್ನು ಕೇಳಿದ್ದೇ ತಡ, ತಮ್ಮ ಹೆಸರಿನ ಮೊದಲ ಅಕ್ಷರದ ಮುದ್ರೆಯನ್ನು ತಾವೇ ಕೆತ್ತಬೇಕೆಂದು ಭಾವ ಹಟ ಹಿಡಿದರು. ಒಂದು ಶನಿವಾರ ಆ ಎಂಜಿನಿಯರನ್ನು ಊಟಕ್ಕೆ ಕರೆದೆವು. ಮರುದಿನ ಬೆಳಿಗ್ಗೆ ಭಾವ ಇಕಾಮಾ, ಅಂದರೆ ವಾಸದ ಪರವಾನಗಿಯ ನವೀಕರಣಕ್ಕೆ ಬೆರಳಚ್ಚು ಕೊಡಬೇಕಿತ್ತು. ಅದು ತಪ್ಪಿದರೆ ಅವಧಿ ಮುಗಿದೇ ಹೋಗುತ್ತಿತ್ತು.

ಅತಿಥಿ ಇಂಗ್ಲಿಷಿನಲ್ಲಿ ವಿವರಿಸಿದರು. ಕೆತ್ತನೆಯಲ್ಲಿ ಎರಡು ಬಗೆ. ಅಕ್ಷರವನ್ನೇ ಕೊರೆದರೆ ಕೆಂಪು ನೆಲದ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಅಕ್ಷರ ಬಿಟ್ಟು ಸುತ್ತಲಿನ ಕಲ್ಲನ್ನೆಲ್ಲ ತೆಗೆದರೆ ಅಕ್ಷರ ಉಬ್ಬಿ ನಿಲ್ಲುತ್ತದೆ, ಬಿಳಿ ಕಾಗದದ ಮೇಲೆ ಕೆಂಪಾಗಿ ಬೀಳುತ್ತದೆ. “ಮೊದಲ ಸಲಕ್ಕೆ ಅಕ್ಷರ ಕೊರೆಯುವುದೇ ಸುಲಭ. ಶ್ವೈ ಶ್ವೈ,” ಎಂದು ಕೈಯಲ್ಲೇ ನಿಧಾನ ತೋರಿಸಿದರು.

“ಗುಂಡಿ ತೋಡ್ಲಿಕ್ಕೆ ನಾನೆಂತ ಹೆಗ್ಗಣವಾ? ನನ್ನ ಅಕ್ಷರ ಎದ್ದು ನಿಲ್ಲಬೇಕು, ಹೇಳು ಅವರಿಗೆ,” ಎಂದರು ಭಾವ.

‘ಇವರಿಗೆ ಉಬ್ಬು ಇಷ್ಟ’ ಎಂದಷ್ಟೇ ಅನುವಾದಿಸಿದೆ.

ಕೆತ್ತುವ ಕತ್ತಿಯ ಜೊತೆಗೆ, ಕಲ್ಲು ಅಲುಗಾಡದಂತೆ ಬಿಗಿಯಲು ಅತಿಥಿ ಮರದ ಪುಟ್ಟ ಚೌಕಟ್ಟನ್ನೂ ತಂದಿದ್ದರು. ಕಲ್ಲನ್ನು ಅದರಲ್ಲಿ ಕೂರಿಸಿಕೊಟ್ಟು, ಫೋನ್ ಬಂತೆಂದು ಬಾಲ್ಕನಿಗೆ ಹೋದರು. ಭಾವ ನೆಲದ ಮೇಲೆ ಕೂತು ಕಲ್ಲನ್ನು ಕಿತ್ತು, ಅದರ ಜಾಗದಲ್ಲಿ ಕತ್ತಿಯನ್ನು ಅಲಗು ಮೇಲಾಗಿ ಬಿಗಿದು, ಚೌಕಟ್ಟನ್ನು ಕಾಲಿನಿಂದ ಮೆಟ್ಟಿಕೊಂಡರು.

“ಎಂತ ಮಾಡ್ತೀರಿ ಭಾವ?”

“ಕತ್ತಿಯನ್ನು ಕೈಯಲ್ಲಿ ಹಿಡಿದು ಯಾರು ಕೊಯ್ತಾರೆ ಮಾರಾಯ? ಮೆಟ್ಟುಕತ್ತಿ ಕಂಡಿಲ್ವಾ ನೀನು?”

ನಮ್ಮ ಕರಾವಳಿಯಲ್ಲಿ ಕತ್ತಿಯನ್ನು ಕಾಲಲ್ಲಿ ಮೆಟ್ಟಿ ಮೀನು ಕೊಯ್ಯುತ್ತಾರೆ; ಕತ್ತಿ ಅಲುಗುವುದಿಲ್ಲ, ಮೀನು ಅಲುಗುತ್ತದೆ. ಹಾಗಾಗಿ ಅದು ಒಂದು ಗಳಿಗೆ ನನಗೂ ಸರಿಯಾಗಿಯೇ ಕಂಡಿತು. ಆಮೇಲೆ ಎಂಜಿನಿಯರಿಂಗ್ ಓದಿದ ತಲೆ ಲೆಕ್ಕ ಹಾಕತೊಡಗಿತು: ಒತ್ತಡ ಈ ಕಡೆ, ಕಲ್ಲು ನುಣುಪು, ಜಾರಿದರೆ ಹೆಬ್ಬೆರಳು ನೇರ ಅಲಗಿನ ಮೇಲೆ. ಉತ್ತರ ಸರಿಯಾಗಿಯೇ ಬಂತು. ಅಷ್ಟರಲ್ಲಿ ಕಲ್ಲು ಅಲಗಿನ ಮೇಲೆ ಕಿರ್ರೆಂದು ಜಾರಿ ಫ್ರಿಜ್ಜಿನ ಅಡಿಗೆ ಹಾರಿತ್ತು. ರಕ್ತವನ್ನು ಭಾವನಿಗಿಂತ ಮೊದಲು ಕಂಡವನು ನಾನು, ಕೂಗಿದವನೂ ನಾನೇ.

ಅತಿಥಿ ಓಡಿ ಬಂದರು. ಚೌಕಟ್ಟಿನಲ್ಲಿ ನಿಂತ ಕತ್ತಿಯನ್ನು ಕಂಡು ಬೆರಳನ್ನು ಮರೆತೇಬಿಟ್ಟರು. “ಈ ಪದ್ಧತಿ ಯಾವ ಊರಿನದು?” ಎಂದು ಬಗ್ಗಿ ನೋಡಿದರು.

ಅಕ್ಕ ಬಟ್ಟೆ ಒತ್ತಿ ಹಿಡಿದಳು. “ನಾಳೆ ಈ ಬೆರಳನ್ನು ಮೆಷಿನ್ ತಗೊಳ್ಳದಿದ್ರೆ? ನಿಮ್ಮ ಅಕ್ಷರ ಎದ್ದು ನಿಲ್ಲುವ ಮೊದಲು ನೀವು ಏರ್‌ಪೋರ್ಟಿನ ಲೈನಿನಲ್ಲಿ ನಿಲ್ತೀರಿ!”

ಭಾವ ಬಟ್ಟೆ ಸರಿಸಿ ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು.

ಬೆಳಿಗ್ಗೆ ಬೆರಳಚ್ಚಿನ ಕೌಂಟರಿನ ಎದುರು ಭಾವ ಪಟ್ಟಿ ಬಿಚ್ಚಿದರು. ಗಾಯ ಬೆರಳಿನ ಬದಿಗಿತ್ತು, ಆಳವಿರಲಿಲ್ಲ. ಆದರೂ ಮೆಷಿನ್ ಒಪ್ಪಲಿಲ್ಲ. ನನಗೆ ಮತ್ತೆ ಆ ಸದ್ದು ಕೇಳಿಸಿತು. ಕೌಂಟರಿನ ಹೆಂಗಸು ಗಾಜು ಒರೆಸಿ, “ಯಲ್ಲಾ, ಇನ್ನೊಮ್ಮೆ,” ಎಂದರು. ಭಾವ ಉಸಿರು ಕಟ್ಟಿ ಒತ್ತಿದರು. ಪರದೆಯಲ್ಲಿ ಕಪ್ಪು ಗೆರೆಗಳು ಮೂಡಿದವು, ಅಂಚಿನಲ್ಲಿ ಸಣ್ಣದೊಂದು ಬಿಳಿ ಗೀರು. ಹಸಿರು ದೀಪ ಹೊತ್ತಿತು.

“ಖಲಾಸ್,” ಎಂದರು ಆಕೆ.

ಹೊರಗೆ ಬಂದವನು ಕೀಗೊಂಚಲಿನಲ್ಲಿ ಮನೆಯ ಕೀಯನ್ನು ಹಿಡಿದು ಕಾರಿನ ಬಾಗಿಲಿಗೆ ತುರುಕುತ್ತಿದ್ದೆ.

“ಗಾಯ ಆದದ್ದು ನನಗಾ ನಿನಗಾ ಮಾರಾಯ? ಸರಿ ಆಚೆ,” ಎಂದು ಭಾವ ಕೀ ಕಿತ್ತುಕೊಂಡರು. ಸ್ಟೀರಿಂಗಿಗೆ ತಾಗದಂತೆ ಹೆಬ್ಬೆರಳನ್ನು ಮೇಲೆತ್ತಿಕೊಂಡೇ ಮನೆಯವರೆಗೆ ಓಡಿಸಿದರು. ಸಿಗ್ನಲಿನಲ್ಲಿ ಪಕ್ಕದ ಟ್ಯಾಕ್ಸಿಯವನು ಅದನ್ನು ಕಂಡು, ತನ್ನ ಹೆಬ್ಬೆರಳನ್ನೂ ಎತ್ತಿ ತೋರಿಸಿದ.